ದೃಢೀಕರಣದ ನಂತರ: ವಿಶ್ವಾಸದಲ್ಲಿ ಮಾಗುವ ಬಗೆ

ನಮ್ಮ ಸಭೆಗಳಲ್ಲಿ ದೃಢೀಕರಣದ, ಅಂದರೆ ದೀಕ್ಷಾಸ್ನಾನ ಪಡೆದ ಮಕ್ಕಳು ದೊಡ್ಡವರಾಗಿ ತಮ್ಮ ವಿಶ್ವಾಸವನ್ನು ತಾವೇ ಒಪ್ಪಿಕೊಳ್ಳುವ ವಿಧಿಯ, ತರಗತಿ ಮುಗಿಯುವ ಹೊತ್ತಿಗೆ ಹದಿನೈದು, ಹದಿನಾರು ವಯಸ್ಸಿನ ಮಕ್ಕಳು ಹತ್ತು ಆಜ್ಞೆಗಳನ್ನೂ ಕರ್ತನ ಪ್ರಾರ್ಥನೆಯನ್ನೂ ಅಪೊಸ್ತಲರ ವಿಶ್ವಾಸಪ್ರಮಾಣವನ್ನೂ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಬಿಷಪರು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಮಕ್ಕಳು ಮೊದಲ ಸಲ ಕರ್ತನ ಭೋಜನದಲ್ಲಿ ಪಾಲು ಪಡೆಯುತ್ತಾರೆ. ಮನೆಯವರು ಸಂತೋಷಪಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಏನು ಮಾಡಬೇಕೆಂದು ಅವರಿಗೆ ಹೇಳಿಕೊಡುವವರು ಕಡಿಮೆ. ಹಲವು ವರ್ಷ ಆ ತರಗತಿಯನ್ನು ನಡೆಸಿದ ನಾನೂ ಹೇಳಿಕೊಡಲಿಲ್ಲ. ಅವರಲ್ಲಿ ಕೆಲವರು ಈಗ ನಡುವಯಸ್ಸಿಗೆ ಬಂದು, ಮದುವೆ, ಸಾಲ, ಕಾಯಿಲೆ, ಸಾವು ಇವುಗಳನ್ನು ಹದಿನಾರನೆಯ ವಯಸ್ಸಿನಲ್ಲಿ ಕಲಿತಷ್ಟೇ ವಿಶ್ವಾಸದಿಂದ ಎದುರಿಸಲು ಒದ್ದಾಡುವುದನ್ನು ಕಂಡಾಗ ನನ್ನ ಹೊಣೆ ನನಗೆ ತಿಳಿಯಿತು. ಆ ತರಗತಿಯ ಕೊನೆಯ ದಿನ ನಾನು ಹೇಳಬೇಕಾಗಿದ್ದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಪಕ್ವತೆ ಎಂದರೇನೆಂದು ಸ್ಪಷ್ಟಪಡಿಸಿಕೊಳ್ಳಬೇಕು. ವಯಸ್ಸು, ಸಭೆಯಲ್ಲಿರುವ ಹುದ್ದೆ, ಬಾಯಿಪಾಠವಾಗಿರುವ ವಾಕ್ಯಗಳ ಸಂಖ್ಯೆ, ಪ್ರಾರ್ಥಿಸುವಾಗ ಬರುವ ಕಣ್ಣೀರು ಇವೆಲ್ಲವೂ ಪಕ್ವತೆಯೊಂದಿಗೆ ಇರಬಹುದು, ಅದಿಲ್ಲದೆಯೂ ಇರಬಹುದು. ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ಇದಕ್ಕೆ ಬಳಸಿರುವ ಪದ ‘ತೆಲೆಯೊಸ್’. ತಾನು ಮುಟ್ಟಬೇಕಾದ ಗುರಿಯನ್ನು ಮುಟ್ಟಿದ್ದು, ಪೂರ್ತಿ ಬೆಳೆದದ್ದು ಎಂದು ಅದರ ಅರ್ಥ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದ ಕೊನೆಯಲ್ಲಿ ಯೇಸು ಶಿಷ್ಯರಿಗೆ ಪರಲೋಕದ ತಂದೆಯಂತೆ ಪರಿಪೂರ್ಣರಾಗಿರಿ ಎಂದು ಹೇಳುವಾಗ ಬರುವುದು ಇದೇ ಪದ, ಮತ್ತು ಅದು ಬರುವುದು ವೈರಿಗಳನ್ನು ಪ್ರೀತಿಸುವ ಬೋಧನೆಯ ತುದಿಯಲ್ಲಿ. ಹೀಗಾಗಿ ಪಕ್ವತೆಯ ಅಳತೆ ಪ್ರೀತಿಯೇ. ಅದರಲ್ಲೂ, ಪ್ರೀತಿಸಲು ಕಷ್ಟವಾದವರ ಮೇಲಿನ ಪ್ರೀತಿ.

ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ. 12ನೆಯ ವಚನದಲ್ಲಿ ಆ ಪತ್ರಿಕೆಯನ್ನು ಬರೆದ ಅಪೊಸ್ತಲ ಪೌಲನು ತಾನು ಇನ್ನೂ ಪರಿಪೂರ್ಣನಾಗಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. 15ನೆಯ ವಚನದಲ್ಲಿ ಪಕ್ವರಾದವರೆಲ್ಲರೂ ಹೀಗೆಯೇ ಯೋಚಿಸಲಿ ಎನ್ನುತ್ತಾನೆ. ಎರಡೂ ಕಡೆ ಮೂಲದಲ್ಲಿ ಒಂದೇ ಧಾತುವಿನ ಪದಗಳಿವೆ. ತಾನಿನ್ನೂ ಮುಟ್ಟಿಲ್ಲವೆಂದು ತಿಳಿದವನೇ ಪಕ್ವನು ಎಂಬುದು ಅವನ ಮಾತಿನ ಸಾರ. ಇದನ್ನು ನಾನು ದಿನಬಳಕೆಯ ಮಾತಿಗೆ ತಂದುಕೊಳ್ಳುವುದು ಹೀಗೆ: ತಿದ್ದಿಸಿಕೊಳ್ಳಬಲ್ಲವನು ಬೆಳೆಯುತ್ತಾನೆ. ಮುಂದೆ ಹೇಳುವ ಅಭ್ಯಾಸಗಳೆಲ್ಲವೂ, ಸತ್ಯವೇದದ ಓದು, ಪ್ರಾರ್ಥನೆ, ಜೊತೆಗಾರರು, ಕಷ್ಟಕಾಲ, ದೇವರು ನಮ್ಮನ್ನು ತಿದ್ದಲು ನಾವು ಕೊಡುವ ಅವಕಾಶಗಳು.

ಬೆಳೆಸುವವನು ದೇವರೇ ಎಂಬುದನ್ನು ಆರಂಭದಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಅಭ್ಯಾಸಗಳು ಹೊರೆಯಾಗುತ್ತವೆ. ಮಾರ್ಕನ 4ನೆಯ ಅಧ್ಯಾಯದ ಸಾಮ್ಯದಲ್ಲಿ ರೈತನು ಬೀಜ ಚೆಲ್ಲಿ, ರಾತ್ರಿ ಮಲಗಿ, ಬೆಳಗ್ಗೆ ಏಳುತ್ತಿರುತ್ತಾನೆ. ಬೀಜ ಹೇಗೆ ಬೆಳೆಯಿತೆಂಬುದು ಅವನಿಗೇ ತಿಳಿಯದು. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆಯಲ್ಲಿ ತುಂಬಿದ ಕಾಳು. ಆದರೆ ರಾಗಿ ಬೆಳೆದವರಿಗೆ ಗೊತ್ತಿರುವಂತೆ, ಬೆಳೆ ತಾನಾಗಿ ಬೆಳೆದರೂ ಹೊಲ ಹಸನು ಮಾಡುವುದು, ಸಮಯಕ್ಕೆ ಕಳೆ ಕೀಳುವುದು ರೈತನ ಕೆಲಸವೇ. ನಮ್ಮ ಪಾಲಿನದು ಅಷ್ಟು.

ಓದುವುದು

ಹೊಸ ವರ್ಷದ ಆರಾಧನೆಯಲ್ಲಿ ಅನೇಕ ಸಭೆಗಳು ವಾಗ್ದಾನ ವಾಕ್ಯದ ಕಾರ್ಡುಗಳನ್ನು ಹಂಚುತ್ತವೆ. ಯೆರೆಮೀಯ 29:11 ಬಂದವರಿಗೆ ಸಂತೋಷವಾಗುತ್ತದೆ, ಏಕೆಂದರೆ ಅದು ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕುರಿತ ಮಾತು. ಆದರೆ ಅದು ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಪತ್ರದ ಭಾಗ. ಅದರ ಹಿಂದಿನ ವಚನವೇ ಬಿಡುಗಡೆಗೆ 70 ವರ್ಷ ಹಿಡಿಯುತ್ತದೆ ಎನ್ನುತ್ತದೆ. ಅಂದರೆ ಪತ್ರವನ್ನು ಕೇಳಿಸಿಕೊಂಡ ವಯಸ್ಕರಲ್ಲಿ ಹೆಚ್ಚಿನವರು ತಾಯ್ನಾಡನ್ನು ಮತ್ತೆ ಕಾಣಲಾರರು. ಇನ್ನೂ ಮೇಲಕ್ಕೆ, 5ರಿಂದ 7ನೆಯ ವಚನಗಳಲ್ಲಿ, ಅಲ್ಲೇ ಮನೆ ಕಟ್ಟಿರಿ, ತೋಟ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂಬ ಅಪ್ಪಣೆಯಿದೆ. ಒಂದೇ ವಚನವನ್ನು ಕಿತ್ತು ಓದಿದಾಗ ಅದು ನಮ್ಮ ಆಸೆಗೆ ಒತ್ತಾಸೆಯಾಗುತ್ತದೆ. ಇಡೀ ಪತ್ರವನ್ನು ಓದಿದಾಗ ಅದು ನಮ್ಮ ಆಸೆಯನ್ನೇ ತಿದ್ದುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯವು ಹಾಲು ಮತ್ತು ಗಟ್ಟಿ ಆಹಾರ ಎಂದು ಮಾಡುವ ಭೇದವನ್ನು ನಾನು ಇಲ್ಲಿ ಕಾಣುತ್ತೇನೆ. ಅಭ್ಯಾಸದಿಂದ ಪಳಗಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಬಲ್ಲವರು ಗಟ್ಟಿ ಆಹಾರಕ್ಕೆ ತಕ್ಕವರು ಎಂದು ಅಲ್ಲಿ ಬರೆದಿದೆ.

ಆದ್ದರಿಂದ ವಚನಗಳನ್ನು ಹೆಕ್ಕಿ ಓದುವುದನ್ನು ಬಿಟ್ಟು ಪುಸ್ತಕಗಳನ್ನು ಆದಿಯಿಂದ ಅಂತ್ಯದವರೆಗೆ ಓದಿರಿ. ಆರಂಭಕ್ಕೆ ಮಾರ್ಕನ ಸುವಾರ್ತೆ ಒಳ್ಳೆಯದು. ಅದರಲ್ಲಿರುವುದು 16 ಅಧ್ಯಾಯಗಳು. ದಿನಕ್ಕೆ ಅರ್ಧ ಅಧ್ಯಾಯದಂತೆ ಒಂದು ತಿಂಗಳಲ್ಲಿ ನಿಧಾನವಾಗಿ ಮುಗಿಸಬಹುದು. ಕೈಯಲ್ಲಿ ಪೆನ್ಸಿಲ್ ಇರಲಿ, ಪಕ್ಕದಲ್ಲಿ ಒಂದು ನೋಟುಪುಸ್ತಕವಿರಲಿ. ಇಷ್ಟವಾದ ವಚನದ ಕೆಳಗೆ ಗೆರೆ ಎಳೆಯುವುದು ಎಲ್ಲರ ರೂಢಿ. ನಿಮಗೆ ಇರುಸುಮುರುಸು ಉಂಟುಮಾಡಿದ ವಚನದ ಪಕ್ಕದಲ್ಲೂ ಒಂದು ಗುರುತು ಹಾಕಿರಿ, ಅದನ್ನು ಓದಿದಾಗ ಯಾರ ಮುಖ ನೆನಪಿಗೆ ಬಂದಿತೆಂಬುದನ್ನು ಬರೆದಿಡಿರಿ. ತಿಂಗಳ ಕೊನೆಯಲ್ಲಿ ಆ ಗುರುತುಗಳನ್ನು ಒಟ್ಟಿಗೆ ನೋಡಿದರೆ ದೇವರು ನಿಮ್ಮೊಂದಿಗೆ ಯಾವ ವಿಷಯ ಮಾತನಾಡುತ್ತಿದ್ದಾರೆಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಮೊಬೈಲಿನಲ್ಲಿ ಬರುವ ದಿನದ ವಾಕ್ಯವನ್ನು ನಾನು ತಿರಸ್ಕರಿಸುವುದಿಲ್ಲ, ಅದು ಎಷ್ಟೋ ಜನರ ಕುಗ್ಗಿದ ಮನಸ್ಸನ್ನು ಎತ್ತಿದೆ; ಆದರೆ ಅದೊಂದರಿಂದಲೇ ಯಾರೂ ಬೆಳೆದದ್ದನ್ನು ನಾನು ನೋಡಿಲ್ಲ.

ಪಂಡಿತಾ ರಮಾಬಾಯಿಯವರ ಜೀವನ ಇಲ್ಲಿ ನೆನೆಯತಕ್ಕದ್ದು. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿ, ತಂದೆತಾಯಿಯಿಂದಲೇ ಸಂಸ್ಕೃತ ಕಲಿತು, ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡು ದೇಶವಿಡೀ ಅಲೆದ ಆಕೆ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಬೋಧಕರು ಹೇಳಿದ ಸಿದ್ಧಾಂತಗಳನ್ನು ಪ್ರಶ್ನಿಸದೆ ಒಪ್ಪುವವರಲ್ಲ ಅವರು. ತಮಗೆ ಕಲಿಸಿದವರೊಂದಿಗೆ ಪತ್ರಗಳಲ್ಲಿ ದೀರ್ಘವಾಗಿ ವಾದಿಸಿದರು. ಆದರೂ ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳ ನಂತರ, ತಾನು ಕ್ರೈಸ್ತಧರ್ಮವನ್ನು ಕಂಡುಕೊಂಡೆನೇ ಹೊರತು ಆ ಧರ್ಮದ ಜೀವವಾದ ಕ್ರಿಸ್ತನನ್ನು ಇನ್ನೂ ಕಂಡಿರಲಿಲ್ಲವೆಂಬುದು ತನಗೆ ತಿಳಿಯಿತೆಂದು ಅವರೇ ಬರೆದಿದ್ದಾರೆ. ಅಷ್ಟು ಹೊತ್ತಿಗೆ ಅವರು ಪ್ರಸಿದ್ಧರು, ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಿದ್ದವರು. ಹಾಗಿದ್ದೂ ತನ್ನ ಕೊರತೆಯನ್ನು ಬಹಿರಂಗವಾಗಿ ಒಪ್ಪಿಕೊಂಡರು. ಮುಂದೆ ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಇಡೀ ಸತ್ಯವೇದವನ್ನು ಮರಾಠಿಗೆ ಅನುವಾದಿಸುವ ಕೆಲಸವನ್ನು ಕೈಗೆತ್ತಿಕೊಂಡು, 1922ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ಮುನ್ನ ಮುಗಿಸಿದರು. ದೀಕ್ಷಾಸ್ನಾನದ ನಂತರವೂ ಕಲಿಯುವವರಾಗಿಯೇ ಉಳಿಯುವುದೆಂದರೆ ಏನೆಂದು ಯಾರಾದರೂ ಕೇಳಿದಾಗ ನಾನು ಅವರ ಹೆಸರನ್ನೇ ಹೇಳುತ್ತೇನೆ.

ಪ್ರಾರ್ಥನೆ ಮತ್ತು ದಿನದ ಕೊನೆಯ ಲೆಕ್ಕ

ಪ್ರಾರ್ಥನೆಗೆ ಮಾತು ಸಿಗದವರು ಕೀರ್ತನೆಗಳನ್ನು ಹಿಡಿದುಕೊಳ್ಳಲಿ. 150 ಕೀರ್ತನೆಗಳನ್ನು ದಿನಕ್ಕೆ ಐದರಂತೆ ಗಟ್ಟಿಯಾಗಿ ಓದಿದರೆ ತಿಂಗಳಿಗೊಂದು ಸುತ್ತು ಆಗುತ್ತದೆ. ಅಷ್ಟಾಗದಿದ್ದರೆ ದಿನಕ್ಕೊಂದೇ ಸಾಕು. ಅಲ್ಲಿ ಸ್ತೋತ್ರದ ಜೊತೆಗೆ ದೂರು, ಸಿಟ್ಟು, ಅಳಲು ಎಲ್ಲವೂ ಇವೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ನಮ್ಮ ಪ್ರಾರ್ಥನೆಗಳಲ್ಲಿ ಬೇಡಿಕೆಗಳೇ ತುಂಬಿರುವಾಗ ಕೀರ್ತನೆಗಳು ಅವುಗಳ ಹರಹನ್ನು ಹೆಚ್ಚಿಸುತ್ತವೆ. ಸಮಯದ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ಒಂದು ಗಂಟೆಯೆಂದು ಶಪಥ ಮಾಡಿ ನಾಲ್ಕನೆಯ ದಿನಕ್ಕೆ ಕೈಬಿಡುವ ಬದಲು, ಹದಿನೈದು ನಿಮಿಷವನ್ನು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ವರ್ಷವಿಡೀ ಉಳಿಸಿಕೊಳ್ಳಿರಿ.

ರಾತ್ರಿ ಮಲಗುವ ಮುನ್ನ ಮಾಡುವ ಆತ್ಮಪರಿಶೋಧನೆ ಹಳೆಯ ಕ್ರೈಸ್ತ ಅಭ್ಯಾಸ. ಹದಿನಾರನೆಯ ಶತಮಾನದಲ್ಲಿ ಲೊಯೋಲದ ಸಂತ ಇಗ್ನೇಷಿಯಸ್ ಅದಕ್ಕೆ ಕೊಟ್ಟ ಕ್ರಮವನ್ನು ಕಥೋಲಿಕರಲ್ಲದ ನಾವೂ ಧಾರಾಳವಾಗಿ ಬಳಸಬಹುದು. ಮೊದಲು ದಿನದ ಒಳಿತುಗಳಿಗಾಗಿ ಕೃತಜ್ಞತೆ ಹೇಳುವುದು. ನೋಡಲು ಬೇಕಾದ ಬೆಳಕನ್ನು ಬೇಡುವುದು. ಬೆಳಗಿನಿಂದ ರಾತ್ರಿಯವರೆಗೆ ಯೋಚನೆ, ಮಾತು, ಕೆಲಸಗಳನ್ನು ತಾಸುತಾಸಾಗಿ ನೆನೆಯುವುದು. ತಪ್ಪಿಗೆ ಕ್ಷಮೆ ಕೇಳುವುದು. ನಾಳೆ ಒಂದು ವಿಷಯದಲ್ಲಿ ತಿದ್ದಿಕೊಳ್ಳುವೆನೆಂದು ದೇವರ ಕೃಪೆಯನ್ನು ನೆಚ್ಚಿ ನಿರ್ಧರಿಸುವುದು. ಕೃತಜ್ಞತೆಯಿಂದ ಆರಂಭಿಸುವುದು ಮುಖ್ಯ, ಏಕೆಂದರೆ ತಪ್ಪಿನ ಪಟ್ಟಿಯಿಂದಲೇ ಆರಂಭಿಸಿದವರು ಕೆಲವೇ ದಿನಗಳಲ್ಲಿ ದೇವರನ್ನು ಲೆಕ್ಕ ಕೇಳುವ ಧಣಿಯನ್ನಾಗಿ ಕಾಣತೊಡಗುತ್ತಾರೆ. ಹತ್ತು ನಿಮಿಷ ಸಾಕು.

ಒಬ್ಬರೇ ಬೆಳೆಯಲಾಗದು

ಈ ಭಾಗವನ್ನೇ ನಾನು ಹೆಚ್ಚು ಒತ್ತಿ ಹೇಳಬೇಕೆಂದಿದ್ದೇನೆ. ಓದನ್ನೂ ಪ್ರಾರ್ಥನೆಯನ್ನೂ ಶಿಸ್ತಾಗಿ ನಡೆಸುವವರು ಕೂಡ ತಮ್ಮ ಕಣ್ಣಿಗೆ ಕಾಣದ ತಪ್ಪಿನಲ್ಲಿ ಹತ್ತಾರು ವರ್ಷ ಉಳಿದುಬಿಡಬಹುದು. ಬೇರೊಬ್ಬರ ಕಣ್ಣು ಬೇಕು.

ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಅಲೆಕ್ಸಾಂದ್ರಿಯದ ಅಪೊಲ್ಲೋಸನು ಎಫೆಸಕ್ಕೆ ಬರುತ್ತಾನೆ. ಅವನು ವಾಗ್ಮಿ, ಧರ್ಮಶಾಸ್ತ್ರಗಳಲ್ಲಿ ಪ್ರವೀಣ, ಆದರೆ ಅವನಿಗೆ ಗೊತ್ತಿದ್ದುದು ಯೋಹಾನನ ದೀಕ್ಷಾಸ್ನಾನ ಮಾತ್ರ. ಸಭಾಮಂದಿರದಲ್ಲಿ ಅವನ ಮಾತು ಕೇಳಿದ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎಂಬ ದಂಪತಿಗಳು, ಗುಡಾರ ಮಾಡುವ ಕಸುಬಿನವರು, ಅವನನ್ನು ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಎಲ್ಲರೆದುರಿಗೆ ಅವನನ್ನು ಹೀಗಳೆಯಲಿಲ್ಲ. ಅವನೂ, ಇಷ್ಟು ಓದಿದ ನನಗೆ ಗುಡಾರ ಹೊಲಿಯುವವರು ಏನು ಹೇಳಿಯಾರು ಎನ್ನಲಿಲ್ಲ. ಮುಂದೆ ಅಖಾಯಕ್ಕೆ ಹೋಗಿ ಅಲ್ಲಿನ ವಿಶ್ವಾಸಿಗಳಿಗೆ ಬಹಳ ನೆರವಾದನು. ಪೇತ್ರನಂಥ ಹಿರಿಯನೂ ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದವರೊಂದಿಗೆ, ಊಟ ಮಾಡುವುದನ್ನು ಬಿಟ್ಟು ಹಿಂದೆ ಸರಿದಾಗ ಪೌಲನಿಂದ ಮುಖಾಮುಖಿ ತಿದ್ದಿಸಿಕೊಳ್ಳಬೇಕಾಯಿತು. ಪೇತ್ರನ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಅದೇ ಪೌಲನನ್ನು ಪ್ರಿಯ ಸಹೋದರನೆಂದು ಕರೆದಿರುವುದನ್ನು ಓದುವಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ. ಜೊತೆಯಲ್ಲಿ ಕೂತು ಉಣ್ಣುವುದಕ್ಕೆ ಸಂಬಂಧಿಸಿದ ಆ ತಪ್ಪು, ಜಾತಿಯ ನೆನಪು ಇನ್ನೂ ಅಳಿಯದ ನಮ್ಮ ಸಭೆಗಳಿಗೆ ದೂರದ ಸಂಗತಿಯಲ್ಲ.

ಇಂಥ ಜೊತೆಗಾರಿಕೆಯನ್ನು ಕಟ್ಟಿಕೊಳ್ಳುವುದಕ್ಕೆ, ಮೆಥೊಡಿಸ್ಟ್ ಎಂಬ ಕ್ರೈಸ್ತ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿಯವರ ಕಾಲದ ಒಂದು ಉದಾಹರಣೆ ಸಹಾಯಕ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮೆಥೊಡಿಸ್ಟರಿಗೆ ಕಟ್ಟಡದ ಸಾಲ ತೀರಿಸಬೇಕಾಗಿತ್ತು. ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೊಬ್ಬರು ಮುಂದಾಳಾಗಿ ವಾರಕ್ಕೆ ತಲೆಗೊಂದು ಪೆನ್ನಿಯಂತೆ ಕೂಡಿಸುವುದೆಂದು ಗೊತ್ತುಪಡಿಸಿದರು. ಮನೆಮನೆಗೆ ಹೋದ ಮುಂದಾಳುಗಳಿಗೆ ಜನರ ನಿಜವಾದ ಬದುಕು ಕಣ್ಣಿಗೆ ಬಿತ್ತು: ಎಲ್ಲಿ ಕುಡಿತ, ಎಲ್ಲಿ ಜಗಳ, ಎಲ್ಲಿ ಹಸಿವು. ಸಾಲದ ಗುಂಪುಗಳೇ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ವಾರದ ಕೂಟಗಳಾದವು. ನಮ್ಮ ಸಭೆಗಳಲ್ಲಿ ಮನೆಪ್ರಾರ್ಥನೆಗಳು ಈಗಾಗಲೇ ನಡೆಯುತ್ತಿವೆ; ಹಾಡು, ಪ್ರಸಂಗ, ಕಾಫಿ, ತಿಂಡಿ ಎಲ್ಲವೂ ಇರುತ್ತದೆ, ವಿಚಾರಿಸಿಕೊಳ್ಳುವುದೊಂದು ಮಾತ್ರ ಇರುವುದಿಲ್ಲ. ಆದ್ದರಿಂದ ಇಬ್ಬರನ್ನೋ ಮೂವರನ್ನೋ ಆರಿಸಿಕೊಳ್ಳಿರಿ. ಗಂಡಸರು ಗಂಡಸರೊಂದಿಗೆ, ಹೆಂಗಸರು ಹೆಂಗಸರೊಂದಿಗೆ ಇದ್ದರೆ ಮಾತು ಸಲೀಸು. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕೂತು ಮೂರು ವಿಷಯ ಕೇಳಿಕೊಳ್ಳಿರಿ: ಈ ದಿನಗಳಲ್ಲಿ ದೇವರ ವಾಕ್ಯ ನಿನ್ನನ್ನು ಎಲ್ಲಿ ತಡೆಯಿತು, ಯಾರೊಂದಿಗೆ ಮನಸ್ತಾಪವಿದೆ, ಯಾವುದಕ್ಕಾಗಿ ನಾವು ಪ್ರಾರ್ಥಿಸಬೇಕು. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕು. ಪ್ರಾರ್ಥನೆಯ ಕೋರಿಕೆಯೆಂಬ ಹೆಸರಿನಲ್ಲಿ ಒಬ್ಬರ ಗುಟ್ಟನ್ನು ಹೊರಗೆ ಹರಡುವುದು ಎಷ್ಟು ಜನರ ಬಾಯಿಯನ್ನು ಶಾಶ್ವತವಾಗಿ ಮುಚ್ಚಿಸಿದೆಯೆಂಬುದನ್ನು ಬಲ್ಲೆ. ಹೆಂಡತಿಯ ಮೇಲೆ ಕೈಮಾಡುವುದು, ಮಕ್ಕಳಿಗೆ ಹಾನಿ ಮಾಡುವುದು, ಪ್ರಾಣದ ಅಪಾಯ ಇಂಥ ಸಂಗತಿಗಳು ಮಾತ್ರ ಗುಟ್ಟಿನ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಕೂಡಲೇ ಸಂಬಂಧಪಟ್ಟವರ ನೆರವು ಪಡೆಯಬೇಕು.

ಮನಸ್ತಾಪದ ವಿಷಯದಲ್ಲಿ ನನ್ನದೇ ತಪ್ಪನ್ನು ಹೇಳಬೇಕು. ಸಮಿತಿಯ ಸಭೆಯೊಂದರಲ್ಲಿ ಹಣದ ಲೆಕ್ಕದ ಬಗ್ಗೆ ಮಾತು ಬೆಳೆದು, ನಾನು ಒಬ್ಬ ಹಿರಿಯರನ್ನು ಎಲ್ಲರೆದುರಿಗೆ ಕಟುವಾಗಿ ನಿಂದಿಸಿದೆ. ಲೆಕ್ಕದಲ್ಲಿ ನಾನು ಹೇಳಿದ್ದು ಸರಿಯಾಗಿತ್ತು, ಮತ್ತು ಅದೇ ನನ್ನನ್ನು ಕೆಡಿಸಿತು. ಸರಿಯಾಗಿದ್ದೇನೆಂಬ ಬಲದ ಮೇಲೆ ಎರಡು ವರ್ಷ ಅವರೊಂದಿಗೆ ಮಾತು ಬಿಟ್ಟೆ. ನಮ್ಮ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಆರಾಧನಾ ಕ್ರಮದಲ್ಲಿ ಕರ್ತನ ಭೋಜನಕ್ಕೆ ಮುಂಚೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯಿದೆ. ಆ ಎರಡು ವರ್ಷವೂ ನಾನು ಅವರು ಕೂರುವ ಬೆಂಚಿನಿಂದ ದೂರ ಕೂತು, ಪಕ್ಕದವರ ಕೈ ಹಿಡಿದು ಸಮಾಧಾನ ದಾಟಿಸಿ, ರೊಟ್ಟಿಯನ್ನೂ ಪಾತ್ರೆಯನ್ನೂ ತೆಗೆದುಕೊಂಡೆ. ತರಗತಿಯಲ್ಲಿ ಮಕ್ಕಳಿಗೆ ಮತ್ತಾಯ 5:23-24ನ್ನು, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಸಹೋದರನೊಂದಿಗೆ ಒಂದಾಗಬೇಕೆಂಬ ಮಾತನ್ನು, ಕಲಿಸುತ್ತಲೇ ಇದ್ದೆ. ಆದಿಸಭೆಯ ‘ದಿದಖೆ’ ಎಂಬ ಬೋಧನಾಗ್ರಂಥದಲ್ಲೂ, ಜೊತೆಗಾರನೊಂದಿಗೆ ಜಗಳವಿರುವವನು ರಾಜಿಯಾಗುವವರೆಗೆ ರೊಟ್ಟಿ ಮುರಿಯುವ ಕೂಟದಲ್ಲಿ ಸೇರಬಾರದೆಂದಿದೆ. ಕೊನೆಗೆ ನನ್ನ ಪ್ರಾರ್ಥನೆಯ ಜೊತೆಗಾರರೊಬ್ಬರು, “ಅಣ್ಣಾ, ನೀವು ಅವರ ಹೆಸರು ಬಂದಾಗಲೆಲ್ಲ ಮಾತು ತಿರುಗಿಸುತ್ತೀರಿ” ಎಂದರು. ಅಷ್ಟೇ ಮಾತು. ಮರುವಾರ ಆ ಹಿರಿಯರ ಮನೆಗೆ ಹೋದೆ.

ಕ್ಷಮೆ ಕೇಳುವುದರಲ್ಲೂ ಕಲಿಯುವುದಿದೆ. ‘ನಿಮಗೆ ನೋವಾಗಿದ್ದರೆ’ ಎಂದು ಆರಂಭಿಸಬೇಡಿರಿ. ನೋವಾಗಿದೆಯೆಂದು ನಿಮಗೆ ಗೊತ್ತು. ಮಾಡಿದ್ದನ್ನು ಅದರ ಹೆಸರಿನಿಂದ ಹೇಳಿರಿ, ನಿಮ್ಮ ಸಮರ್ಥನೆಯನ್ನು ಮನೆಯಲ್ಲೇ ಬಿಟ್ಟುಹೋಗಿರಿ, ಎಲ್ಲರೆದುರಿಗೆ ಮಾಡಿದ ತಪ್ಪಾದರೆ ಎಲ್ಲರೆದುರಿಗೆ ಸರಿಪಡಿಸಿರಿ, ಅವರು ಕೂಡಲೇ ಕ್ಷಮಿಸಬೇಕೆಂದು ಒತ್ತಾಯಿಸಬೇಡಿರಿ.

ಬೇರೆಯವರ ತಪ್ಪನ್ನು ನಾವು ನೋಡುವ ಬಗೆಯೂ ಇದಕ್ಕೆ ಸೇರಿದ್ದು. ಯೋಹಾನನೆನಿಸಿಕೊಂಡ ಮಾರ್ಕನು ಸುವಾರ್ತೆ ಸಾರುವ ಪ್ರಯಾಣದ ನಡುವೆ ಪಂಫುಲ್ಯದಲ್ಲಿ ಕೆಲಸ ಬಿಟ್ಟು ಹಿಂದಿರುಗಿದ ಕಾರಣ ಪೌಲನು ಅವನನ್ನು ಮತ್ತೆ ಜೊತೆಗೆ ಸೇರಿಸಲು ಒಪ್ಪಲಿಲ್ಲ, ಬಾರ್ನಬನು ಒಪ್ಪಿದನು, ಇಬ್ಬರಲ್ಲಿ ತೀಕ್ಷ್ಣ ವಾಗ್ವಾದವಾಗಿ ಬೇರೆಬೇರೆಯಾದರು. ಆದರೆ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ನನಗೆ ಉಪಯುಕ್ತನು ಎಂಬ ಮಾತಿದೆ. ಮಾರ್ಕನು ಬೆಳೆದನೆಂದು ಇದನ್ನು ಓದುವವರು ಹೆಚ್ಚು. ಪೌಲನೂ ಬೆಳೆದನೆಂದು ನಾನು ಓದುತ್ತೇನೆ.

ಒಣಗಿದ ದಿನಗಳು

ಕೆಲವು ತಿಂಗಳು, ಕೆಲವೊಮ್ಮೆ ವರ್ಷಗಳು, ಪ್ರಾರ್ಥನೆಯಲ್ಲಿ ಏನೂ ಅನ್ನಿಸುವುದಿಲ್ಲ. ಇದನ್ನು ಪಾಪದ ಶಿಕ್ಷೆಯೆಂದು ತಕ್ಷಣ ತೀರ್ಮಾನಿಸಬೇಡಿರಿ. ಮದರ್ ತೆರೇಸಾ ಅವರು ದಶಕಗಳ ಕಾಲ ಇಂಥ ಒಳಗಿನ ಕತ್ತಲೆಯನ್ನು ಅನುಭವಿಸಿದರೆಂಬುದು ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ, 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ಲೋಕಕ್ಕೆ ತಿಳಿಯಿತು; ಆ ವರ್ಷಗಳಲ್ಲಿ ಅವರು ಕೊಲ್ಕತ್ತದ ಬೀದಿಗಳಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಇಗ್ನೇಷಿಯಸರ ಒಂದು ನಿಯಮ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ: ಮನಸ್ಸು ಬರಡಾಗಿರುವಾಗ, ಅದಕ್ಕೆ ಮುಂಚೆ ಮಾಡಿದ್ದ ಒಳ್ಳೆಯ ನಿರ್ಧಾರಗಳನ್ನು ಬದಲಾಯಿಸಬಾರದು. ಅದೇ ಹದಿನೈದು ನಿಮಿಷ, ಅದೇ ಜಾಗ, ಅದೇ ಕೀರ್ತನೆ. ಜೊತೆಗಾರರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿರಿ. ನಿಮಗೆ ಪ್ರಾರ್ಥಿಸಲಾಗದ ದಿನ ಅವರು ನಿಮ್ಮ ಪರವಾಗಿ ಪ್ರಾರ್ಥಿಸಲಿ. ನಿದ್ದೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನ್ನಿಸುತ್ತಿದ್ದರೆ ಅದನ್ನು ಆತ್ಮಿಕ ಬರಡುತನವೆಂದು ಸಹಿಸಿಕೊಳ್ಳದೆ ವೈದ್ಯರನ್ನು ಕಾಣಿರಿ. ವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಸೇವೆಯ ಬಗ್ಗೆ ಒಂದೇ ಮಾತು: ಯಾರೂ ಧನ್ಯವಾದ ಹೇಳದ ಒಂದು ಕೆಲಸ ನಿಮ್ಮ ವಾರದಲ್ಲಿ ಇರಲಿ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಸತ್ಯವೇದ ಓದಿಹೇಳುವುದಾಗಲಿ, ಆರಾಧನೆಯ ಮುನ್ನಾದಿನ ಆಲಯದ ನೆಲ ಒರೆಸುವುದಾಗಲಿ, ಅದು ಸಭೆಯ ವರದಿಯಲ್ಲಿ ಬಾರದ ಕೆಲಸವಾಗಿರಲಿ.

ಬೆಳವಣಿಗೆಯನ್ನು ನೋಡಿಕೊಳ್ಳುವುದು ವರ್ಷಕ್ಕೊಮ್ಮೆ ಸಾಕು. ದಿನದಿನವೂ ಬೀಜವನ್ನು ಕೆದಕಿ ನೋಡುವ ರೈತನಿಲ್ಲ. ಡಿಸೆಂಬರ್ 31ರ ರಾತ್ರಿಯ ಆರಾಧನೆಗೆ ಹೋಗುವ ಮುನ್ನ, ಗಲಾತ್ಯದವರಿಗೆ ಬರೆದ ಪತ್ರಿಕೆಯ 5:22-23ರಲ್ಲಿರುವ ಆತ್ಮದ ಫಲಗಳನ್ನು, ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ದಯೆ, ಒಳ್ಳೆಯತನ, ನಂಬಿಗಸ್ತಿಕೆ, ಸಾಧುತ್ವ, ಶಮೆದಮೆಗಳನ್ನು, ಒಂದೊಂದಾಗಿ ಬರೆದುಕೊಂಡು, ಇವುಗಳಲ್ಲಿ ಯಾವುದು ನನ್ನಲ್ಲಿ ಹೆಚ್ಚಾಗಿದೆ, ಯಾವುದು ಇಲ್ಲ ಎಂದು ಮನೆಯವರನ್ನು ಕೇಳಿರಿ. ನಿಮ್ಮನ್ನು ನೀವೇ ಕೇಳಿಕೊಂಡರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಅವರು ಹೇಳುವಾಗ ನಡುವೆ ಬಾಯಿಹಾಕಬೇಡಿರಿ. ಕಳೆದ ಸಲ ನಾನು ಕೇಳಿದಾಗ ನನ್ನ ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿ, “ಸಿಟ್ಟು ಕಡಿಮೆಯಾಗಿದೆ, ತಪ್ಪಾಯಿತು ಅನ್ನುವುದಕ್ಕೆ ಮಾತ್ರ ಇನ್ನೂ ಎರಡು ದಿನ ಹಿಡಿಯುತ್ತದೆ” ಎಂದಳು. ಹೊಸ ನೋಟುಪುಸ್ತಕದ ಮೊದಲ ಪುಟದಲ್ಲಿ ಆ ಮಾತನ್ನು ತಾರೀಖಿನೊಂದಿಗೆ ಬರೆದುಕೊಂಡಿದ್ದೇನೆ. ಈ ವರ್ಷದ ನನ್ನ ಪ್ರಾರ್ಥನೆ ಆ ಎರಡು ದಿನಗಳಿಗಾಗಿ.